ಹಬ್ಬದ ಆರ್ಕೆಸ್ಟ್ರಾ: ಲಾನ್ ಬೇಡ, ಬಾಲ್ಕನಿ ಸಾಕು

ಡಿಸೆಂಬರ್ ಹತ್ತಿರ ಬಂದರೆ ಮುಂಬೈಯಲ್ಲಿ ಪಾಶ್ಚಾತ್ಯ ಆರ್ಕೆಸ್ಟ್ರಾದ ಲಘು ಕಾರ್ಯಕ್ರಮ ಒಂದಾದರೂ ಇರುತ್ತದೆ. ಸ್ಟ್ರಾಸ್‌ನ ವಾಲ್ಟ್ಸ್ ಎಂಬ ಕುಣಿತದ ಸಂಗೀತ, ಚೈಕೋವ್‌ಸ್ಕಿಯ ನಟ್‌ಕ್ರ್ಯಾಕರ್ ಬ್ಯಾಲೆಯ ತುಣುಕುಗಳು, ಕೊನೆಗೆ ರಾಡೆಟ್ಸ್ಕಿ ಮಾರ್ಚ್. ಇದೇ ಸಂಗೀತವನ್ನು ನಾನು ನರಿಮನ್ ಪಾಯಿಂಟ್‌ನ ಎನ್‌ಸಿಪಿಎ ಎಂಬ ಕಲಾಕೇಂದ್ರದ ಬಾಲ್ಕನಿಯಲ್ಲೂ ಕೇಳಿದ್ದೇನೆ, ಉಪನಗರದ ಒಂದು ಲಾನ್‌ನಲ್ಲೂ ಕೇಳಿದ್ದೇನೆ, ಮನೆಯ ಟಿವಿಯಲ್ಲೂ ಕೇಳಿದ್ದೇನೆ. ನನ್ನ ಓಟು ಬಾಲ್ಕನಿಗೆ. ಜಾಸ್ತಿ ದುಡ್ಡು ಕೊಟ್ಟಿದ್ದು ಲಾನ್‌ಗೆ, ಬೇಸರವಾಗಿದ್ದೂ ಅಲ್ಲೇ.

ಲಾನ್ ನೋಡಲು ಚೆನ್ನಾಗಿತ್ತು. ದೀಪ, ತಂಗಾಳಿ, ಪಕ್ಕದಲ್ಲೇ ತಿಂಡಿಯ ಸ್ಟಾಲು. ತೊಂದರೆ ಒಂದೇ, ಮೈಕು.

ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಗೆ ಮೈಕ್ ಬೇಕೇ ಬೇಕು, ಅಲ್ಲಿ ಹಾಡುವವರಿರುತ್ತಾರೆ. ಸಿಂಫನಿ ಆರ್ಕೆಸ್ಟ್ರಾ ಹಾಗಲ್ಲ. ಅರವತ್ತೆಪ್ಪತ್ತು ಜನ ಒಟ್ಟಿಗೆ ನುಡಿಸುವಾಗ ಯಾವುದು ಎಷ್ಟು ಕೇಳಬೇಕು ಎಂದು ತೂಗುವವರು ಎದುರು ನಿಂತು ಕೈಯಾಡಿಸುವ ಕಂಡಕ್ಟರ್. ಮೈಕ್ ಇಟ್ಟ ಕೂಡಲೇ ಆ ಕೆಲಸ ಸೌಂಡಿನವರ ಕೈಗೆ ಹೋಗುತ್ತದೆ. ಅಂದು ಪಿಟೀಲುಗಳು ಕೀರಲಾಗಿ ಕೇಳಿದವು, ಪಿಟೀಲಿನ ಜಾತಿಯ ದೊಡ್ಡ, ತಗ್ಗು ದನಿಯ ವಾದ್ಯ ಡಬಲ್ ಬೇಸ್ ಬರೀ ಗುಂಯ್ ಎಂದಿತು. ಜೋಹಾನ್ ಮತ್ತು ಯೋಸೆಫ್ ಸ್ಟ್ರಾಸ್ ಸಹೋದರರು 1869ರಲ್ಲಿ ಸೇರಿ ಬರೆದ ಪಿಜ್ಜಿಕಾಟೊ ಪೋಲ್ಕಾದಲ್ಲಿ ಪಿಟೀಲಿನವರು ಕಮಾನು ಮುಟ್ಟುವುದೇ ಇಲ್ಲ, ಬೆರಳಲ್ಲೇ ತಂತಿ ಮೀಟುತ್ತಾರೆ. ಅದರ ಸೊಗಸೆಲ್ಲ ಮೆತ್ತಗೆ ಮೀಟಿ, ನಿಲ್ಲಿಸಿ, ಮತ್ತೆ ಮೀಟುವುದರಲ್ಲಿದೆ. ಸ್ಪೀಕರಿನಲ್ಲಿ ಮೆತ್ತಗಿನದೂ ಜೋರಿನದೂ ಒಂದೇ ಆಗಿಬಿಟ್ಟಿತು. ನಟ್‌ಕ್ರ್ಯಾಕರ್‌ನ ಶುಗರ್ ಪ್ಲಮ್ ಭಾಗಕ್ಕೆ ಸೆಲೆಸ್ಟಾ ಬೇಕು. ನೋಡಲು ಪುಟ್ಟ ಪಿಯಾನೋ, ಒಳಗೆ ಸುತ್ತಿಗೆಗಳು ಲೋಹದ ಪಟ್ಟಿಗಳನ್ನು ಬಡಿಯುತ್ತವೆ. ಅಲ್ಲಿ ಅದರ ಜಾಗದಲ್ಲಿ ಎಲೆಕ್ಟ್ರಾನಿಕ್ ಕೀಬೋರ್ಡ್ ಇತ್ತು.

ಮನಸ್ಸಿಗೆ ತೀರಾ ಕಿರಿಕಿರಿಯಾಗಿದ್ದು ರಾಡೆಟ್ಸ್ಕಿ ಮಾರ್ಚ್‌ನಲ್ಲಿ. ಆ ಸಹೋದರರ ತಂದೆ, ಹಿರಿಯ ಜೋಹಾನ್ ಸ್ಟ್ರಾಸ್ 1848ರಲ್ಲಿ ಬರೆದ ಈ ಮಾರ್ಚ್‌ಗೆ ಕೇಳುಗರೂ ಚಪ್ಪಾಳೆ ತಟ್ಟುತ್ತಾರೆ. ಕಂಡಕ್ಟರ್ ನಮ್ಮ ಕಡೆ ತಿರುಗಿ ಈಗ ಮೆಲ್ಲಗೆ, ಈಗ ಜೋರಾಗಿ ಎಂದು ಕೈಯಲ್ಲೇ ಹೇಳುತ್ತಾರೆ. ನಾವು ಕೂತಿದ್ದು ಹಿಂದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ವೇದಿಕೆಯಿಂದ 70 ಮೀಟರ್ ದೂರ ಕೂತರೆ ತಾಳ ಕಿವಿಗೆ ಬೀಳಲು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಮುಂದಿನವರ ಚಪ್ಪಾಳೆ ನಮ್ಮ ಹತ್ತಿರ ಬರುವುದೂ ಅಷ್ಟೇ ತಡವಾಗಿ, ನಮ್ಮದು ಅವರನ್ನು ಮುಟ್ಟುವುದೂ ಹಾಗೆಯೇ. ಕಣ್ಣಿಗೆ ಕಾಣುವ ಕೈಗೆ ತಟ್ಟಿದರೆ ಕಿವಿಗೆ ತಪ್ಪುತ್ತದೆ, ಕಿವಿಗೆ ತಟ್ಟಿದರೆ ಕಣ್ಣಿಗೆ ತಪ್ಪುತ್ತದೆ. ಸ್ವಲ್ಪ ಹೊತ್ತಿಗೆ ಇಡೀ ಲಾನ್ ಎರಡು ತಾಳವಾಗಿ ಒಡೆಯಿತು. ನಮ್ಮ ಸಾಲಿನವರು ಚಪ್ಪಾಳೆಯನ್ನೇ ಬಿಟ್ಟರು. ಎಲ್ಲರೂ ಒಂದಾಗಲಿ ಎಂದೇ ಕೊನೆಗೆ ಇಡುವ ತುಣುಕು ಅದು, ಅಲ್ವಾ?

ಎನ್‌ಸಿಪಿಎಯ ಜಮ್‌ಶೆಡ್ ಭಾಭಾ ಥಿಯೇಟರ್ ತೆರೆದದ್ದು 1999ರಲ್ಲಿ. ಸಾವಿರದ ಚಿಲ್ಲರೆ ಸೀಟುಗಳಿವೆ. 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾಕ್ಕೆ ಎನ್‌ಸಿಪಿಎಯೇ ಮನೆ. ಇಲ್ಲಿ ವಾದ್ಯದ ನಾದ ನೇರವಾಗಿ ಬರುತ್ತದೆ. ಕೊಳಲು ಎಲ್ಲಿದೆಯೋ ಅಲ್ಲಿಂದಲೇ ಕೇಳುತ್ತದೆ.

ನಮ್ಮ ಕಡೆಯವರಿಗೆ ಕಛೇರಿ ಎಂದರೆ ಮುಂದಿನ ಸಾಲೇ ಬೇಕು. ಹಾಡುವವರ ಮುಖ ಕಾಣಬೇಕು, ತಬಲಾದ ಬೆರಳು ಕಾಣಬೇಕು. ಆರ್ಕೆಸ್ಟ್ರಾಗೆ ಆ ಲೆಕ್ಕ ನಡೆಯುವುದಿಲ್ಲ. ಮುಂದೆ ಕೂತರೆ ಕಾಣುವುದು ಪಿಟೀಲಿನವರ ಸಾಲು ಮಾತ್ರ, ಹಾರ್ನ್, ಟ್ರಂಪೆಟ್ ಎಂಬ ಊದುವ ವಾದ್ಯಗಳು, ಟಿಂಪನಿ ಎಂಬ ನಗಾರಿ ಎಲ್ಲ ಅವರ ಹಿಂದೆ ಮರೆ. ಬಾಲ್ಕನಿಯಿಂದ ಎಲ್ಲವೂ ಕಾಣುತ್ತದೆ. ಸ್ಟ್ರಾಸ್‌ನ ಬ್ಲೂ ಡ್ಯಾನ್ಯೂಬ್ ವಾಲ್ಟ್ಸ್‌ನ ಶುರುವಿನಲ್ಲಿ ಪಿಟೀಲುಗಳ ಸಣ್ಣ ನಡುಕ, ಅದರ ಮೇಲೆ ಹಾರ್ನ್ ಮೆಲ್ಲಗೆ ಏಳುವುದು, ಎರಡನ್ನೂ ಒಟ್ಟಿಗೆ ನೋಡುತ್ತಾ ಕೇಳಬಹುದು. ಟಿಕೆಟ್ಟೂ ಲಾನ್‌ಗಿಂತ ಕಡಿಮೆ ಬಿತ್ತು.

ಟಿವಿಗೂ ಒಂದು ಮಾತು. ವಿಯೆನ್ನಾದ ಹೊಸ ವರ್ಷದ ಕಛೇರಿ ಜನವರಿ 1ರಂದು ನಮ್ಮ ಮಧ್ಯಾಹ್ನ 3.45ಕ್ಕೆ ಶುರುವಾಗುತ್ತದೆ. ಮುಂಬೈಯಲ್ಲೇ ಹುಟ್ಟಿದ ಜುಬಿನ್ ಮೆಹ್ತಾ ಅದನ್ನು 1990ರಿಂದ 2015ರವರೆಗೆ ಐದು ಸಲ ನಡೆಸಿಕೊಟ್ಟಿದ್ದಾರೆ. ಹೂವಿನ ಅಲಂಕಾರ ನೋಡಲು, ಕಾಫಿ ಹಿಡಿದು ಕೂರಲು ಸೊಗಸು. ಆದರೆ ಟಿವಿಯ ಪುಟ್ಟ ಸ್ಪೀಕರಿನಲ್ಲಿ ಡಬಲ್ ಬೇಸ್ ಇರುವುದೇ ಗೊತ್ತಾಗುವುದಿಲ್ಲ.

ನಾನಿರುವುದು ಡೊಂಬಿವಲಿಯಲ್ಲಿ. ಕಾರ್ಯಕ್ರಮ ಮುಗಿಸಿ ಸಿಎಸ್‌ಎಂಟಿ ತಲುಪಿ, ಲೋಕಲ್ ಹಿಡಿದು ಮನೆ ಸೇರುವಾಗ ತುಂಬಾ ತಡವಾಗುತ್ತದೆ. ಹೀಗಾಗಿ ಶನಿವಾರದ್ದೋ ಭಾನುವಾರದ್ದೋ ಕಾರ್ಯಕ್ರಮವಾದರೆ ಮಾತ್ರ ಬುಕ್ ಮಾಡುತ್ತೇನೆ. ಅಕ್ಕ, ಭಾವ ಈ ಸಲವೂ ಲಾನ್‌ಗೇ ಹೋಗುತ್ತಾರಂತೆ. ಮಕ್ಕಳು ಇನ್ನೂ ಚಿಕ್ಕವರು, ಎರಡು ಗಂಟೆ ಸುಮ್ನೆ ಕೂರುವುದಿಲ್ಲ. ಅವರಿಗೆ ಅದೇ ಸರಿ. ವೇದಿಕೆಗೆ ಆದಷ್ಟು ಹತ್ತಿರದ ಸೀಟು ತೆಗೆದುಕೊಳ್ಳಿ ಎಂದು ಹೇಳಿದ್ದೇನೆ, ಚಪ್ಪಾಳೆಯಾದರೂ ತಾಳಕ್ಕೆ ಕೂರಲಿ.