ಹಳೇ ಬೈಕ್ ಇಂಜಿನ್‌ಗೆ ಗ್ಯಾಸ್ಕೆಟ್ ರಿಮೂವರ್: ಕೆಲವು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಗ್ಯಾಸ್ಕೆಟ್ (ಇಂಜಿನ್‌ನ ಎರಡು ಭಾಗ ಕೂಡುವಲ್ಲಿ ಆಯಿಲ್ ಸೋರದಂತೆ ಇಡುವ ತೆಳು ಪದರ) ಬಿಡಿಸುವ ಈ ಡಬ್ಬಿ ಒಳ್ಳೆಯದೇ. ಆದರೆ ಅದರ ಮೇಲೆ ಬರೆದಷ್ಟು ಅಲ್ಲ. ಯಾವ ಗ್ಯಾಸ್ಕೆಟ್ ಆದರೂ, ಯಾವ ಅಂಟಾದರೂ ನಿಮಿಷಗಳಲ್ಲಿ ಬಿಡುತ್ತದೆ ಅಂತ ಲೇಬಲ್ ಹೇಳುತ್ತದೆ. ಯಾವುದಾದರೂ ಅನ್ನುವುದೂ ಸುಳ್ಳು, ನಿಮಿಷಗಳು ಅನ್ನುವುದೂ ಸುಳ್ಳು. ಹಾಗಿದ್ದೂ ಖಾಲಿಯಾದಾಗಲೆಲ್ಲ ಇದನ್ನೇ ತರುತ್ತೇನೆ.

ನಾನು ಬಳಸುತ್ತಿರುವುದು ಬೆಂಜೈಲ್ ಆಲ್ಕೋಹಾಲ್ ಇರುವ, ಬ್ರಷ್‌ನಲ್ಲಿ ಹಚ್ಚುವ ಜೆಲ್. ಅದಕ್ಕೂ ಮುಂಚೆ ಮೀಥೈಲೀನ್ ಕ್ಲೋರೈಡ್ ಇರುವ ಸ್ಪ್ರೇ ಬಳಸುತ್ತಿದ್ದೆ. ಕೆಲಸದಲ್ಲಿ ಅದು ರಾಕ್ಷಸ. ಹೊಡೆದ ಸ್ವಲ್ಪ ಹೊತ್ತಿಗೇ ಗ್ಯಾಸ್ಕೆಟ್ ಗುಳ್ಳೆ ಏಳುತ್ತಿತ್ತು. ಆದರೆ ಅದು ಕುದಿಯುವುದೇ ಸುಮಾರು 40 ಡಿಗ್ರಿಗೆ, ಹಾಗಾಗಿ ಅಂಟಿನೊಳಗೆ ಇಳಿಯುವ ಮೊದಲೇ ಅರ್ಧ ಹಾರಿಹೋಗುತ್ತಿತ್ತು. ಮಾಮೂಲಿ ನೈಟ್ರೈಲ್ ಗ್ಲೌಸ್ ಅದನ್ನು ತಡೆಯುವುದೇ ಇಲ್ಲ. ಉಸಿರಲ್ಲಿ ಒಳಗೆ ಹೋದದ್ದರಲ್ಲಿ ಒಂದಷ್ಟನ್ನು ದೇಹವೇ ಕಾರ್ಬನ್ ಮಾನಾಕ್ಸೈಡ್ ಮಾಡುತ್ತದೆ. ಮುಚ್ಚಿದ ಕೋಣೆಯಲ್ಲಿ ಬಳಸಿ ಸತ್ತವರಿದ್ದಾರೆ. ಅಮೆರಿಕದಲ್ಲಿ 2019ರಲ್ಲೇ ಮನೆಬಳಕೆಯ ಪೇಂಟ್ ರಿಮೂವರ್‌ಗಳಲ್ಲಿ ಅದನ್ನು ನಿಷೇಧಿಸಿದರು. ವೇಗ ಹೋಯಿತಲ್ಲ ಅಂತ ಗೊಣಗುವವರು ಇನ್ನೂ ಇದ್ದಾರೆ. ನಾನಂತೂ ಗೊಣಗುವುದಿಲ್ಲ.

ಈಗ ಜೆಲ್‌ನ ವಿಷಯ. ಯಾವ ಅಂಟು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಹಳೇ ಕಾಲದ ಅರಗಿನ ವಾರ್ನಿಷ್ ಹಚ್ಚಿ ಕೂರಿಸಿದ ಕಾಗದದ ಗ್ಯಾಸ್ಕೆಟ್ ಆದರೆ ಚೆನ್ನಾಗಿ ಬಿಡುತ್ತದೆ. ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಊಟ ಮುಗಿಸಿ ಬರಬೇಕು. ಬರುವಷ್ಟರಲ್ಲಿ ಕಂದು ಪದರ ಕಾದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿರುತ್ತದೆ, ಪ್ಲಾಸ್ಟಿಕ್ ಸ್ಕ್ರೇಪರ್ ತಳ್ಳಿದರೆ ಉದ್ದಕ್ಕೆ ಎದ್ದು ಬರುತ್ತದೆ. ಬರೀ ಅರಗಿನ ಕಲೆ ಉಳಿದಿದ್ದರೆ ಸ್ಪಿರಿಟ್ ಅದ್ದಿದ ಬಟ್ಟೆ ಸಾಕು, ಜೆಲ್ ದಂಡ.

ಇನ್ನೊಂದು ಲಾಭ ಮೊದಲು ನನ್ನ ಲೆಕ್ಕದಲ್ಲೇ ಇರಲಿಲ್ಲ. ಹಳೇ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದನ್ನು ಒಣಗಿದ್ದಾಗ ಕೆರೆದರೆ ಪುಡಿ ಸೀದಾ ಶ್ವಾಸಕೋಶಕ್ಕೆ. ಜೆಲ್ ಹಚ್ಚಿದರೆ ಒದ್ದೆಯಾಗಿಯೇ ಏಳುತ್ತದೆ, ಪುಡಿ ಹಾರುವುದು ತುಂಬಾ ಕಡಿಮೆ.

ಕ್ರ್ಯಾಂಕ್‌ಕೇಸ್ (ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ದಂಡ ಕೂರುವ ಕವಚ) ಎರಡು ಭಾಗ ಕೂಡುವಲ್ಲಿ ಹಚ್ಚುವ ಅನೇರೋಬಿಕ್ ಸೀಲಂಟ್ ಇದೆಯಲ್ಲ, ಗಾಳಿ ಸಿಗದೇ ಇದ್ದಾಗ ಲೋಹದ ಮಧ್ಯೆ ಗಟ್ಟಿಯಾಗುವುದು, ಅದಕ್ಕೂ ಜೆಲ್ ಆಗುತ್ತದೆ. ಆದರೆ ತಾಳ್ಮೆ ಬೇಕು. ಒಂದು ಸಲಕ್ಕೆ ಮೇಲಿನ ಪದರ ಮಾತ್ರ ಮೆತ್ತಗಾಗುತ್ತದೆ. ಎರಡು ಭಾಗವನ್ನು ಸರಿಯಾಗಿ ಹೊಂದಿಸುವ ಡೋವೆಲ್ ಪಿನ್ ಸುತ್ತಲಿನ ಮೂಲೆಯಲ್ಲಿ ಉಗುರಿಗೆ ಮಾತ್ರ ಸಿಗುವ ತೆಳ್ಳನೆ ಅಂಚೊಂದು ಉಳಿದೇ ಉಳಿಯುತ್ತದೆ. ಅಲ್ಲಿಗೆ ಮತ್ತೆ ಹಚ್ಚಿ, ಹಲ್ಲುಜ್ಜುವ ಹಳೇ ಬ್ರಷ್‌ನಲ್ಲಿ ಉಜ್ಜುತ್ತೇನೆ.

ಸಿಲಿಕಾನ್ ವಿಷಯದಲ್ಲಿ ಮಾತ್ರ ಡಬ್ಬಿ ಪೂರ್ತಿ ಸೋತಿದೆ. ಹಿಂದಿನ ಮಾಲೀಕರು ಯಾರೋ ಧಾರಾಳವಾಗಿ ಸಿಲಿಕಾನ್ ಮೆತ್ತಿರುತ್ತಾರೆ, ಅಲ್ವಾ? ಗಟ್ಟಿಯಾದ ಸಿಲಿಕಾನ್ ಇದರಲ್ಲಿ ಕರಗುವುದಿಲ್ಲ, ಅಸಿಟೋನ್‌ನಲ್ಲೂ ಕರಗುವುದಿಲ್ಲ. ಹೆಚ್ಚೆಂದರೆ ಸ್ವಲ್ಪ ಊದಿಕೊಂಡು ಹಿಡಿತ ಸಡಿಲವಾಗುತ್ತದೆ. ದಪ್ಪ ಭಾಗವನ್ನು ಕೈಯಲ್ಲಿ ಎಳೆದು ತೆಗೆದು, ಉಳಿದದ್ದನ್ನು ಪ್ಲಾಸ್ಟಿಕ್ ಬ್ಲೇಡ್‌ನಿಂದ ಬಿಡಿಸುವುದೇ ದಾರಿ. ಒಂದು ಚೂರೂ ಒಳಗೆ ಬೀಳಬಾರದು. ಆಯಿಲ್ ಪಂಪ್‌ನ ಜಾಲರಿ ಕಟ್ಟಿಕೊಳ್ಳುವುದು ಇಂಥ ಚೂರುಗಳಿಂದಲೇ.

ಬಿರುಕಿಗೆ ತುಂಬಿದ ಎಪಾಕ್ಸಿ ಇದ್ದರೆ ಜೆಲ್ ಜೊತೆ ಗುದ್ದಾಡಬೇಡಿ. ಹೀಟ್ ಗನ್‌ನಿಂದ ಬಿಸಿ ಮಾಡಿದರೆ ಎಪಾಕ್ಸಿ ಮೆತ್ತಗಾಗುತ್ತದೆ. ಜಾಸ್ತಿ ಗಟ್ಟಿಯ ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಚ್ಚುವ ಅಂಟು) ಹಾಕಿದ ಸ್ಟಡ್‌ಗೂ, ಅಂದರೆ ತಲೆಯಿಲ್ಲದ ಬೋಲ್ಟ್‌ಗೂ, ಅಷ್ಟೇ, ಸುಮಾರು 250 ಡಿಗ್ರಿ ಬಿಸಿ ಸ್ಟಡ್‌ಗೆ ಮಾತ್ರ ತಾಗಬೇಕು, ಇಡೀ ಕೇಸ್‌ಗಲ್ಲ. ಜೆಲ್ ಅಥವಾ ಥಿನ್ನರ್ ಹಚ್ಚಿದ್ದು ಒದ್ದೆ ಇರುವಾಗ ಬಿಸಿ ಮಾಡುವ ಯೋಚನೆಯೇ ಬೇಡ.

ನಿಧಾನವಾದ ಡಬ್ಬಿಯೇ ನನಗೆ ಯಾಕೆ ಇಷ್ಟ ಅಂದರೆ, ಬೇಗ ಮುಗಿಸುವ ಉಳಿದ ದಾರಿಗಳೆಲ್ಲ ಅಲ್ಯೂಮಿನಿಯಂ ತಿನ್ನುತ್ತವೆ. ಅಡ್ಡಡ್ಡ ಸೀಳುವ ಕ್ರ್ಯಾಂಕ್‌ಕೇಸ್‌ನಲ್ಲಿ ಎರಡು ಭಾಗವನ್ನೂ ಬೋಲ್ಟ್ ಹಾಕಿ ಕೂಡಿಸಿದ ಮೇಲೇ ಬೇರಿಂಗ್ ಕೂರುವ ತೂತು ಕೊರೆದಿರುತ್ತಾರೆ. ಕೂಡುವ ಮುಖವನ್ನು ಮರಳು ಕಾಗದದಲ್ಲಿ ಉಜ್ಜಿದರೆ ಆ ತೂತು ಗುಂಡಗೆ ಉಳಿಯುವುದಿಲ್ಲ, ಕ್ರ್ಯಾಂಕ್ ಬಿಗಿಯಾಗುತ್ತದೆ. ಆ ಭಾಗ ಬೇರೆ ಕಡೆ ಸಿಗುವುದೂ ಇಲ್ಲ, ಯಾಕೆಂದರೆ ಎರಡೂ ಜೋಡಿ. ಸ್ಟೀಲ್ ಸ್ಕ್ರೇಪರ್ ಒಂದು ಸಲ ಜಾರಿದರೆ ಗೆರೆ ಬಿತ್ತು. ಆ ಗೆರೆಯಲ್ಲೇ ಆಯಿಲ್ ಸೋರುತ್ತದೆ.

ಡ್ರಿಲ್‌ಗೆ ಸಿಕ್ಕಿಸುವ ನಾರಿನ ಡಿಸ್ಕ್ ನೋಡಲು ಇನ್ನೂ ಸಾಧು. ಆದರೆ ಅದರ ಪುಡಿಯಲ್ಲಿರುವ ಅಲ್ಯೂಮಿನಿಯಂ ಆಕ್ಸೈಡ್ ಆಯಿಲ್ ದಾರಿಗೆ ಇಳಿದು ಬೇರಿಂಗ್ ತಿಂದುಹಾಕುತ್ತದೆ. ಜನರಲ್ ಮೋಟರ್ಸ್ ತನ್ನ ಮೆಕ್ಯಾನಿಕ್‌ಗಳಿಗೆ ಈ ಬಗ್ಗೆ ಸರ್ವಿಸ್ ಬುಲೆಟಿನ್‌ನಲ್ಲೇ ಎಚ್ಚರಿಸಿತ್ತು. ಕಾಸ್ಟಿಕ್ ಸೋಡಾ ಇರುವ ಕ್ಲೀನರ್‌ಗಳಂತೂ ಅಲ್ಯೂಮಿನಿಯಂ ಅನ್ನು ನೊರೆ ಬರಿಸಿ ಕೊರೆಯುತ್ತವೆ.

ಕಿರಿಕಿರಿಗಳೂ ಇವೆ. ಜೆಲ್ ಪೇಂಟನ್ನೂ ತಿನ್ನುತ್ತದೆ, ರಬ್ಬರ್ ಸೀಲನ್ನೂ ತಿನ್ನುತ್ತದೆ, ಹಾಗಾಗಿ ಸೀಲ್‌ಗಳನ್ನೆಲ್ಲ ಮೊದಲೇ ಕಿತ್ತು ಇಡಿ. ಮುಚ್ಚಳ ಜೆಲ್ ಮೆತ್ತಿಕೊಂಡು ಅಂಟಿಬಿಡುತ್ತದೆ, ಪ್ರತಿ ಸಲ ಒರೆಸಲೇಬೇಕು. ಚಳಿಯಲ್ಲಿ ಕೆಲಸ ಇನ್ನೂ ನಿಧಾನ. ವಾಸನೆ ಕಡಿಮೆ ಅಂತ ಬರಿಗೈಯಲ್ಲಿ ಮುಟ್ಟಬೇಡಿ, ಬ್ಯೂಟೈಲ್ ರಬ್ಬರ್ ಗ್ಲೌಸ್ ಹಾಕಿ. ಈ ಬಗೆಯ ಕೆಲವು ಡಬ್ಬಿಗಳಲ್ಲಿ ಫಾರ್ಮಿಕ್ ಆಸಿಡ್ ಸೇರಿಸಿರುತ್ತಾರೆ, ಮ್ಯಾಗ್ನೀಸಿಯಂ ಕವರ್‌ಗೆ ಅದು ಆಗಿಬರುವುದಿಲ್ಲ, ಲೇಬಲ್ ಓದಿ. ಕೊನೆಗೆ ಆಯಿಲ್ ಗ್ಯಾಲರಿಗಳನ್ನು, ಅಂದರೆ ಆಯಿಲ್ ಹರಿಯುವ ದಾರಿಗಳನ್ನು, ತೊಳೆದು ಗಾಳಿ ಊದುವುದು ಕಡ್ಡಾಯ.

ಒಂದೇ ಇಂಜಿನ್ ಬಿಚ್ಚುವವರಿಗೆ, ಅದೂ ಸಿಲಿಕಾನ್ ಮೆತ್ತಿದ ಇಂಜಿನ್ ಆದರೆ, ಇದು ಬೇಡ. ಹಳೇ ಇಂಜಿನ್‌ಗಳನ್ನು ಆಗಾಗ ಬಿಚ್ಚುವವರು ತಗೊಳ್ಳಿ, ಐದಕ್ಕೆ ನಾಲ್ಕು ಕೊಡುತ್ತೇನೆ. ಕತ್ತರಿಸಿದ ಒಂದು ಅಂಕ ಲೇಬಲ್‌ನ ಬಡಾಯಿಗೆ.