ರೇಡ್‌ಗೆ ಯಾರ ಜೊತೆ? ಪಗ್, ಗೆಳೆಯರ ಗಿಲ್ಡ್, ಪ್ರೋಗ್ರೆಸ್ ಗಿಲ್ಡ್

ಆನ್‌ಲೈನ್ ಆಟದಲ್ಲಿ ಹೊಸ ರೇಡ್ ಗುಂಪು (ಬಾಸ್ ಅನ್ನೋ ದೊಡ್ಡ ಶತ್ರುಗಳನ್ನು ಒಟ್ಟಾಗಿ ಹೊಡೆಯುವ ತಂಡ) ಸಿಕ್ಕಾಗ ಎಲ್ಲರೂ ಮೊದಲು ಕೇಳುವುದು ‘ಎಷ್ಟು ಬಾಸ್ ಹೊಡೆದಿದ್ದೀರಿ?’ ಅಂತ. ನಾನು ಗಮನಿಸುವುದು ಬೇರೆ. ವೈಪ್ ಆದ ಮೇಲೆ, ಅಂದರೆ ಗುಂಪಿನವರೆಲ್ಲ ಸತ್ತು ಮೊದಲಿಂದ ಶುರು ಮಾಡಬೇಕಾದಾಗ, ವಾಯ್ಸ್ ಚಾಟ್‌ನಲ್ಲಿ ಯಾರು ಏನು ಮಾತಾಡುತ್ತಾರೆ? ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಹೀಲರ್ (ಜೊತೆಗಾರರ ಗಾಯ ವಾಸಿಮಾಡುವ ಪಾತ್ರ) ಆಗಿ ಮೂರು ಥರದ ಗುಂಪಲ್ಲೂ ಆಡಿದ್ದೇನೆ. ಮೂರರ ಬುದ್ಧಿಯೂ ಗೊತ್ತಾಗಿದ್ದು ವೈಪ್ ಆದಾಗಲೇ.

ಪಗ್, ಅಂದರೆ ಗುರುತಿಲ್ಲದವರು ಆ ಹೊತ್ತಿಗೆ ಸೇರಿದ ಗುಂಪಿನ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. 2011ರಲ್ಲಿ ಬಂದ ರೇಡ್ ಫೈಂಡರ್‌ನಲ್ಲಿ ಆಟವೇ 25 ಜನರನ್ನು ಜೋಡಿಸಿಬಿಡುತ್ತದೆ. ಒಂದೊಂದು ವೈಪ್‌ಗೂ ಗುಂಪಿನ ಶಕ್ತಿ ಹೆಚ್ಚುತ್ತದೆ, ಹಾಗಾಗಿ ಬಾಸ್ ಈಗಲ್ಲದಿದ್ದರೂ ಸ್ವಲ್ಪ ಹೊತ್ತಿಗೆ ಬಿದ್ದೇ ಬೀಳುತ್ತಾನೆ. ಮಾತುಕತೆ ಇಲ್ಲ. ಲೀಡರ್ ಆರಿಸಿ ಸೇರಿಸಿಕೊಳ್ಳುವ ಪಗ್ ಇನ್ನೊಂದು ಥರ. ಒಳಗೆ ಬರೋಕೆ ಐಟಂ ಲೆವೆಲ್ (ನಮ್ಮ ಆಯುಧ-ಕವಚದ ಮಟ್ಟ) ಕೇಳುತ್ತಾರೆ, ಎರಡು ವೈಪ್ ಆದರೆ ಬಾಸ್‌ನ ಏಟು ತಡೆಯುವ ಟ್ಯಾಂಕ್ ಸದ್ದಿಲ್ಲದೆ ಎದ್ದು ಹೋಗುತ್ತಾನೆ. ಉಳಿದವರು ಬಾಗಿಲು ಕಾಯಬೇಕು. ಆದರೂ ಕೆಲಸದ ಹೊತ್ತು ದಿನಕ್ಕೊಂದು ಥರ ಇರುವವರಿಗೆ ಇದೇ ಸರಿ.

ಗಿಲ್ಡ್ ಅಂದರೆ ಆಟದೊಳಗಿನ ಕಾಯಂ ಸಂಘ. ಗೆಳೆಯರ ಗಿಲ್ಡ್‌ನಲ್ಲಿ ಆಡುವುದು ಸಾಮಾನ್ಯವಾಗಿ ನಾರ್ಮಲ್, ಹೀರೋಯಿಕ್ ಅನ್ನೋ ಕಷ್ಟದ ಹಂತಗಳು. ಇವೆರಡಕ್ಕೂ 10ರಿಂದ 30 ಜನ ಎಷ್ಟಿದ್ದರೂ ನಡೆಯುತ್ತದೆ. ಜನ ಹೆಚ್ಚಾದಷ್ಟು ಬಾಸ್‌ನ ಶಕ್ತಿಯೂ ಹೆಚ್ಚುತ್ತದೆ. ಯಾರೋ ತಮ್ಮನನ್ನು ಕರೆತಂದರೂ ಯಾರನ್ನೂ ಹೊರಗೆ ಕೂರಿಸಬೇಕಿಲ್ಲ. ಈ ಗಿಲ್ಡ್‌ಗಳು ಉಳಿದಿರುವುದೇ ಈ ನಿಯಮದಿಂದ ಅನ್ನಿಸುತ್ತದೆ. ವೈಪ್ ಆದರೆ ನಗು, ಅದಾದ ಮೇಲೆ ‘ಐದು ನಿಮಿಷ ಬಂದೆ’. ಐದು ಅಂದರೆ ಹದಿನೈದು ಅಂತ ಎಲ್ಲರಿಗೂ ಗೊತ್ತು. ಕಷ್ಟ ಇರುವುದು ಎಲ್ಲಿ ಅಂದರೆ, ಪ್ರತಿ ಸಲ ಅದೇ ಮನುಷ್ಯ ಅದೇ ಬೆಂಕಿಯಲ್ಲಿ ನಿಂತು ಸಾಯುತ್ತಾನೆ. ಎಲ್ಲರಿಗೂ ಕಾಣಿಸುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಅವನನ್ನು ಬದುಕಿಸೋಕೆ ಮಾನಾ (ಮಂತ್ರಕ್ಕೆ ಬೇಕಾದ ಶಕ್ತಿ) ಸುರಿಯುವ ಹೀಲರ್‌ಗೆ ಮಾತ್ರ ಆ ದಾಕ್ಷಿಣ್ಯದ ಬೆಲೆ ಗೊತ್ತು!

ಪ್ರೋಗ್ರೆಸ್ ಗಿಲ್ಡ್‌ನ ಗುರಿ ಮಿಥಿಕ್, ಎಲ್ಲಕ್ಕಿಂತ ಕಷ್ಟದ ಹಂತ. ಅಲ್ಲಿ ಸರಿಯಾಗಿ 20 ಜನ, ಒಬ್ಬರೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಯಾರಾದರೂ ತಪ್ಪಿಸಿಕೊಂಡರೆ ಅಂತ ಗಿಲ್ಡ್ ಇನ್ನೂ ಕೆಲವರನ್ನು ಇಟ್ಟುಕೊಂಡಿರುತ್ತದೆ. ಅಂದರೆ ಎಲ್ಲರೂ ಬಂದ ದಿನ ಒಂದಿಷ್ಟು ಜನ ಬೆಂಚ್, ಹೊರಗೆ ಕೂರಬೇಕು. ಇಲ್ಲಿ ವೈಪ್ ಆದ ಮೇಲೆ ನಗೋಕೆ ಪುರುಸೊತ್ತಿಲ್ಲ. ನಾವು ಬಾಸ್ ಹತ್ತಿರ ವಾಪಸ್ ಓಡುವಷ್ಟರಲ್ಲಿ ಲೀಡರ್ ಲಾಗ್ಸ್ (ಕಾದಾಟದ ದಾಖಲೆ) ತೆರೆದಿರುತ್ತಾನೆ. ಯಾರು ಯಾವ ಏಟಿಗೆ ಸತ್ತರು, ಯಾವ ಹೀಲರ್ ದೊಡ್ಡ ಕೂಲ್‌ಡೌನ್ (ಒಮ್ಮೆ ಬಳಸಿದರೆ ಮತ್ತೆ ಸಿಗೋಕೆ ಕಾಯಬೇಕಾದ ಶಕ್ತಿ) ಯಾವ ಸೆಕೆಂಡಿಗೆ ಒತ್ತಿದರು, ಎಲ್ಲ ಅಲ್ಲಿದೆ. ನನಗೆ ಇದು ಇಷ್ಟವಾಯಿತು, ನಿಜ ಹೇಳಬೇಕೆಂದರೆ. ‘ಎರಡನೇ ಅಲೆಗೆ ಕೂಲ್‌ಡೌನ್ ಬೇಗ ಒತ್ತಿ’ ಅಂದರೆ ಸರಿಪಡಿಸಬಹುದು. ‘ಹೀಲಿಂಗ್ ಸಾಲದು’ ಅಂದರೆ ಏನು ಮಾಡೋದು?

ನನಗೆ ಒಗ್ಗದೇ ಹೋಗಿದ್ದು ಲೂಟ್ ಕೌನ್ಸಿಲ್. ಬಾಸ್ ಬಿದ್ದಾಗ ಸಿಗುವ ಲೂಟ್, ಅಂದರೆ ಸಾಮಾನನ್ನು, ನಾಲ್ಕೈದು ಜನ ಕೂತು ಯಾರಿಗೆ ಕೊಟ್ಟರೆ ಗಿಲ್ಡ್‌ಗೆ ಲಾಭ ಅಂತ ತೀರ್ಮಾನಿಸುತ್ತಾರೆ. ಲೆಕ್ಕ ಸರಿಯೇ, ಆದರೆ ಆ ಲೆಕ್ಕದಲ್ಲಿ ಡಿಪಿಎಸ್ (ಬಾಸ್‌ಗೆ ಏಟು ಕೊಡುವವರು) ಮುಂದೆ, ಹೀಲರ್ ಹಿಂದೆ. ಗೆಳೆಯರ ಗಿಲ್ಡ್‌ನಲ್ಲಿ 1ರಿಂದ 100ರವರೆಗಿನ ರೋಲ್‌ನಲ್ಲಿ (ದಾಳ ಉರುಳಿಸಿದ ಹಾಗೆ) ಸೋತರೆ ಅದೃಷ್ಟವನ್ನು ಬೈದು ಸುಮ್ನಾಗಬಹುದಿತ್ತು. ಇಲ್ಲಿ ಬೈಯೋಕೆ ಹೆಸರುಗಳಿವೆ.

ಇನ್ನೊಂದು ಆನ್‌ಲೈನ್ ಆಟ ಫೈನಲ್ ಫ್ಯಾಂಟಸಿ 14 ಆಡುವವರಿಗೆ ಸ್ಟ್ಯಾಟಿಕ್ ಗೊತ್ತಿರುತ್ತದೆ: ಎಂಟೇ ಜನ, ವಾರವಾರ ಅದೇ ಮುಖಗಳು. ಬೆಂಚ್ ಜಗಳ ಕಮ್ಮಿ, ಆದರೆ ಒಬ್ಬರು ಬರದಿದ್ದರೆ ಬದಲಿ ಹುಡುಕಬೇಕು, ಸಿಗದಿದ್ದರೆ ಆ ರಾತ್ರಿ ಆಟವೇ ಇಲ್ಲ.

ನಾನು ಕೊನೆಗೆ ಉಳಿದುಕೊಂಡಿದ್ದು ಹೀರೋಯಿಕ್ ಮುಗಿಸಿ ಅಷ್ಟಕ್ಕೇ ನಿಲ್ಲಿಸುವ ಗಿಲ್ಡ್‌ನಲ್ಲಿ. ವಾರಕ್ಕೆ ಎರಡು ರಾತ್ರಿ. ಲಾಗ್ಸ್ ನೋಡುತ್ತಾರೆ, ಲೂಟ್‌ಗೆ ರೋಲ್. ನೀವು ಹುಡುಕುತ್ತಿದ್ದರೆ ಸೇರುವ ಮೊದಲೇ ಬೆಂಚ್ ಮತ್ತು ಲೂಟ್ ನಿಯಮ ಕೇಳಿ, ಒಂದು ರಾತ್ರಿ ಟ್ರಯಲ್ ಆಡಿ. ಅದೂ ಅವರು ಇನ್ನೂ ಹೊಡೆಯದ ಬಾಸ್ ಇರುವ ರಾತ್ರಿ. ಹೊಡೆದು ಅಭ್ಯಾಸವಾದ ಬಾಸ್ ಮುಂದೆ ಎಲ್ಲ ಗಿಲ್ಡೂ ಒಳ್ಳೆಯದೇ, ಅಲ್ವಾ?