ಡ್ಯೂನ್: ಜಮ್ಮಾ ಗೊತ್ತಿದ್ದವರಿಗೆ ಬೇಗ ಒಗ್ಗುವ ಕಾದಂಬರಿ

ಫ್ರಾಂಕ್ ಹರ್ಬರ್ಟ್ ಅವರ ‘ಡ್ಯೂನ್’ (1965) ಕಾದಂಬರಿಯ ಇಂಗ್ಲಿಷ್ ಪೇಪರ್‌ಬ್ಯಾಕ್ ದಪ್ಪ ಪುಸ್ತಕ. ಮೊದಲ ನೂರು ಪುಟದಲ್ಲಿ ಯಾರಾದರೂ ಕೈಬಿಟ್ಟರೆ ಅದಕ್ಕೆ ಕಾರಣ ಕಥೆಯಲ್ಲ, ಪದಗಳು. ಚೋಮ್, ಕಾನ್ಲಿ, ಫೋಫ್ರಲೂಷ್ ಎಂದು ಪರಿಚಯವೇ ಇಲ್ಲದೆ ಬಂದು ಬೀಳುತ್ತವೆ. ಕೊನೆಯಲ್ಲಿ ಪದಕೋಶವಿದೆ, ಅಲ್ಲಿ ಒಂದು ಚೀಟಿ ಸಿಕ್ಕಿಸಿಕೊಂಡೇ ಶುರುಮಾಡಿ. ಅದರ ಆಸುಪಾಸಿನ ನಾಲ್ಕು ಅನುಬಂಧಗಳಲ್ಲಿ ಕೊನೆಯ ಎರಡನ್ನು ಮಾತ್ರ ಮೊದಲೇ ತೆರೆಯಬೇಡಿ. ನಾಲ್ಕನೆಯದು ಮನೆತನಗಳ ಪಟ್ಟಿ, ಯಾರು ಯಾರ ಮಗಳು ಎಂಬ ಗುಟ್ಟು ಅಲ್ಲಿ ಒಂದೇ ಸಾಲಿನಲ್ಲಿ ಬಯಲಾಗುತ್ತದೆ.

ಹುಟ್ಟಿನಿಂದ ಬರುವ ಹಕ್ಕು ಹೇಗೆ ನಡೆಯುತ್ತದೆ ಎಂಬುದನ್ನು ಇಷ್ಟು ಬಿಡಿಸಿ ತೋರಿಸುವ ವೈಜ್ಞಾನಿಕ ಕಾದಂಬರಿ ಅಪರೂಪ. ಅಟ್ರೈಡಿಸ್ ಮನೆತನ 26 ತಲೆಮಾರು ಬಾಳಿದ ಕೋಟೆ ಬಿಟ್ಟು ಅರಾಕಿಸ್ ಎಂಬ ಮರಳುಗ್ರಹಕ್ಕೆ ಹೊರಡುತ್ತದೆ, ಚಕ್ರವರ್ತಿ ಕೊಟ್ಟ ಉಂಬಳಿ ಅದು. ಕೊಟ್ಟವನೇ ಕಿತ್ತುಕೊಳ್ಳಲೂಬಲ್ಲ. ಅರಸರ ಕಾಲದಲ್ಲಿ ಪಡೆಸೇವೆಗೆ ಪ್ರತಿಯಾಗಿ ಸಿಕ್ಕ ಜಮ್ಮಾ ಭೂಮಿಯ ಲೆಕ್ಕ ಬಲ್ಲ ಕೊಡಗಿನ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರತಿ ಮನೆತನವೂ ವಂಶಪಾರಂಪರ್ಯವಾಗಿ ಇಟ್ಟುಕೊಂಡ ಅಣ್ವಸ್ತ್ರಗಳನ್ನಂತೂ ಓದುವಾಗ ಒಕ್ಕದ, ಅಂದರೆ ಕೊಡವ ಮನೆತನದ, ಕೋವಿಯೇ ನೆನಪಾಗುತ್ತದೆ. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಕೋವಿಯಿಂದ ಒಂದು ಗುಂಡು, ಕೈಗೆ ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲು. ಕೋವಿ ಪರವಾನಗಿಯ ವಿನಾಯಿತಿ ಬ್ರಿಟಿಷರ ಕಾಲದ್ದು, ಈಗಿನ ಅಧಿಸೂಚನೆಯ ಅವಧಿ 2029ರವರೆಗೆ. ಕಾದಂಬರಿಯಲ್ಲೂ ಹಾಗೆಯೇ, ಅಸ್ತ್ರ ಇಟ್ಟುಕೊಳ್ಳಬಹುದು, ಮನುಷ್ಯರ ಮೇಲೆ ಹಾರಿಸುವಂತಿಲ್ಲ. ಈ ಕರಾರಿನ ಸಂದಿಯಲ್ಲಿ ಅಟ್ರೈಡಿಸ್ ಮನೆತನದ ಮಗ, ಕಥಾನಾಯಕ ಪೌಲ್ ನುಸುಳುವ ರೀತಿಗೆ ವಕೀಲರೂ ತಲೆದೂಗಬೇಕು.

ಪುಸ್ತಕದ ಜೀವ ಇರುವುದು ಉಂಗುರದ ಸನ್ನಿವೇಶದಲ್ಲಿ. ಮರಳುಗಾಡಿನ ಫ್ರೆಮೆನ್ ಜನರಲ್ಲಿ ನಾಯಕತನ ಹುಟ್ಟಿನಿಂದ ಬರುವುದಿಲ್ಲ, ಹಳೆಯ ನಾಯಕನನ್ನು ಕಾಳಗದಲ್ಲಿ ಕೊಂದವನೇ ಮುಂದಿನ ನಾಯಕ. ಪೌಲ್ ತನ್ನ ಗೆಳೆಯ ಸ್ಟಿಲ್ಗರನನ್ನು ಕೊಲ್ಲಲೇಬೇಕು ಎಂದು ಎಲ್ಲರೂ ಕಾದು ನಿಂತಿರುತ್ತಾರೆ. ಆಗ ಆತ ಅಪ್ಪನ ಮುದ್ರೆಯುಂಗುರ ತೊಡುತ್ತಾನೆ. ಗೆಳೆಯ ಉಳಿಯುತ್ತಾನೆ, ಆದರೆ ಗೆದ್ದವನೇ ನಾಯಕ ಎಂಬ ಕಟ್ಟಳೆ ಅಲ್ಲಿಗೇ ಬಿದ್ದುಹೋಗುತ್ತದೆ, ಆ ಜಾಗಕ್ಕೆ ಹುಟ್ಟಿನ ಹಕ್ಕು ಬಂದು ಕೂರುತ್ತದೆ. ಎಲ್ಲರೂ ಒಪ್ಪುತ್ತಾರೆ, ಯಾಕೆಂದರೆ ಅದು ಕರುಣೆಯ ಹಾಗೆ ಕಾಣುತ್ತದೆ!

ದೋಷವೂ ಇಲ್ಲೇ. ವಂಶದ ಅಧಿಕಾರವನ್ನು ಅನುಮಾನದಿಂದ ನೋಡುವ ಹರ್ಬರ್ಟ್, ನಾಯಕನ ಸಾಮರ್ಥ್ಯವನ್ನು ಮಾತ್ರ ರಕ್ತಕ್ಕೇ ಕಟ್ಟುತ್ತಾರೆ. ಅವನು ಬೆನೆ ಜೆಸೆರಿಟ್ ಎಂಬ ಹೆಂಗಸರ ಸಂಘ ತಲೆಮಾರುಗಳಿಂದ ಲೆಕ್ಕಹಾಕಿ ಬೆಳೆಸಿದ ತಳಿ. ಕತ್ತಿವರಸೆ ಕಲಿಸಿದ್ದೂ ಅರಮನೆಯ ಗುರುಗಳು. ಹಾಗಿದ್ದ ಮೇಲೆ ಫ್ರೆಮೆನ್ನರ ನಡುವೆ ಅವನು ಗೆಲ್ಲುವುದನ್ನು ಸ್ವಂತ ಗಳಿಕೆ ಎನ್ನುವುದು ಕಷ್ಟ. ಅಪ್ಪ-ಅಮ್ಮ ಯಾರೆಂದು ತಿಳಿಯದ ಒಬ್ಬ ಫ್ರೆಮೆನ್ ಹುಡುಗನನ್ನು ಎದುರಿಗೆ ನಿಲ್ಲಿಸಿದ್ದರೆ ವಾದ ಗಟ್ಟಿಯಾಗುತ್ತಿತ್ತು.

ಕಕ್ಕಡದಲ್ಲಿ, ಅಂದರೆ ಕೊಡಗಿನ ಜಡಿಮಳೆಯ ತಿಂಗಳಲ್ಲಿ, ಓದುವವರು ಗಮನಿಸಿ: ಇಷ್ಟು ದಪ್ಪದ ಪುಸ್ತಕದ ಅಂಟು ತೇವಕ್ಕೆ ಬಿಡುತ್ತದೆ, ಬೂಷ್ಟು ಬೆನ್ನಿನಿಂದಲೇ ಹತ್ತುತ್ತದೆ. ಓದಿದ ಮೇಲೆ ಮುಚ್ಚಳ ಭದ್ರವಾಗಿರುವ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಕೊಳ್ಳುವಾಗಲೇ 1969ರ ‘ಡ್ಯೂನ್ ಮೆಸ್ಸಾಯ’ ಕೂಡ ತೆಗೆದುಕೊಳ್ಳಿ. ಅದು ತೆಳ್ಳಗಿನ ಪುಸ್ತಕ, ಉಂಗುರ ತೊಟ್ಟಿದ್ದಕ್ಕೆ ಬೆಲೆ ತೆತ್ತವರ ಲೆಕ್ಕ ಇರುವುದು ಅದರಲ್ಲಿ.